ಕಾರವಾರದಿಂದ ಮಂಗಳೂರಿಗೆ ಹಾಯಿದೋಣಿ: ಹಡಗುಗಳ ನಡುವೆ ರಾತ್ರಿ ಸಾಗುವ ಬಗೆ

ಕಾರವಾರದ ಬಂದರು ಪ್ರದೇಶವಾದ ಬೈತಖೋಲದಿಂದ ಮಂಗಳೂರಿಗೆ ಸಮುದ್ರಮಾರ್ಗ ಸುಮಾರು 120 ನಾಟಿಕಲ್ ಮೈಲಿ. 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲಿ) ವೇಗದ ಹಾಯಿದೋಣಿಗೆ ಇದು ಒಂದು ಹಗಲು, ಒಂದು ರಾತ್ರಿಯ ದಾರಿಯಾದ್ದರಿಂದ, ಮರ್ಮಗೋವಾ ಮತ್ತು ನವಮಂಗಳೂರು ಬಂದರುಗಳಿಗೆ ಹೋಗಿಬರುವ ಹಡಗುಗಳ ನಡುವೆ ಕತ್ತಲಲ್ಲಿ ಸಾಗುವುದು ಅನಿವಾರ್ಯ. ನವೆಂಬರ್‌ನಿಂದ ಫೆಬ್ರುವರಿವರೆಗೆ ಸಮುದ್ರ ಶಾಂತವಾಗಿರುತ್ತದೆ, ಮಧ್ಯಾಹ್ನದ ವಾಯವ್ಯದ ಗಾಳಿ ದಕ್ಷಿಣಕ್ಕೆ ಹೋಗುವವರಿಗೆ ಅನುಕೂಲಕರ. ಆದರೆ ಮೀನುಗಾರಿಕೆಯೂ ಆಗಲೇ ಭರದಿಂದ ಸಾಗಿರುತ್ತದೆ.

ಹೊರಡುವ ಮುನ್ನ ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ಮಾರ್ಗವನ್ನು ತಿಳಿಸಿ. ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ ದಾಟಿ ಪಶ್ಚಿಮಕ್ಕೆ ಸಾಕಷ್ಟು ದೂರ ಸಾಗಿದ ಮೇಲೆಯೇ ದಕ್ಷಿಣಕ್ಕೆ ತಿರುಗಬೇಕು. ದಡದ ಬಳಿಯ ನೌಕಾನೆಲೆಯ ನಿರ್ಬಂಧಿತ ನೀರಿನೊಳಗೆ ಯಾವ ಕಾರಣಕ್ಕೂ ಹೋಗಬಾರದು.

ರಾತ್ರಿಯ ಲೆಕ್ಕಾಚಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು. 1972ರ ಘರ್ಷಣೆ ತಡೆ ನಿಯಮಗಳ ಪ್ರಕಾರ, 50 ಮೀಟರ್‌ಗಿಂತ ಉದ್ದದ ಹಡಗಿನ ಕಂಬದ ಬಿಳಿ ದೀಪ 6 ಮೈಲಿಗೆ ಕಾಣಬೇಕು. 12 ಮೀಟರ್‌ಗಿಂತ ಚಿಕ್ಕ ದೋಣಿಯ ಎಡಬದಿಯ ಕೆಂಪು, ಬಲಬದಿಯ ಹಸಿರು ದೀಪಗಳಿಗೆ ಒಂದೇ ಮೈಲಿ ಸಾಕು. 15 ನಾಟ್ ವೇಗದ ಹಡಗು ಆ ಒಂದು ಮೈಲಿಯನ್ನು ನಾಲ್ಕು ನಿಮಿಷದಲ್ಲಿ ದಾಟುತ್ತದೆ. ಆದ್ದರಿಂದ ಹಾಯಿಗೆ ದಾರಿ ಬಿಡಬೇಕೆಂಬ ನಿಯಮವನ್ನು ನೆಚ್ಚಿ ಕೂರದೆ, ಅವರು ನಮ್ಮನ್ನು ಕಾಣುವ ಮುನ್ನವೇ ನಾವು ಎಚ್ಚೆತ್ತುಕೊಳ್ಳುವುದು ಕ್ಷೇಮ. ಹಡಗು ನಮಗೆ ಯಾವ ದಿಕ್ಕಿನಲ್ಲಿ ಕಾಣುತ್ತಿದೆ ಎಂಬುದನ್ನು ಕೈ ದಿಕ್ಸೂಚಿಯಿಂದ ಎರಡು ಮೂರು ನಿಮಿಷಕ್ಕೊಮ್ಮೆ ಅಳೆದು ಬರೆದಿಡಿ. ಹಡಗು ಹತ್ತಿರವಾಗುತ್ತಿದ್ದರೂ ಅಂಕಿ ಬದಲಾಗದಿದ್ದರೆ ಡಿಕ್ಕಿಯ ಅಪಾಯವಿದೆ ಎಂದೇ ತಿಳಿಯಬೇಕು. ಆಗ ಸಣ್ಣಸಣ್ಣದಾಗಿ ತಿರುಗಿಸುತ್ತ ಹೋಗದೆ, ನಮ್ಮ ದೀಪದ ಬಣ್ಣವೇ ಬದಲಾಗಿ ಅವರಿಗೆ ಕಾಣುವಷ್ಟು ದೊಡ್ಡದಾಗಿ, ಬೇಗನೆ ತಿರುಗಿಸಬೇಕು. ಎಐಎಸ್ (ಹಡಗುಗಳ ಗುರುತನ್ನು ಪರದೆಯ ಮೇಲೆ ತೋರಿಸುವ ಸಾಧನ) ಇದ್ದರೆ ಹಡಗಿನ ಹೆಸರು ಸಿಗುತ್ತದೆ; ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಹೆಸರು ಹಿಡಿದು ಕರೆದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಆದರೆ ಚಿಕ್ಕ ಮೀನುಗಾರಿಕಾ ದೋಣಿಗಳು ಎಐಎಸ್ ಪರದೆಯ ಮೇಲೆ ಬಾರದಿರಬಹುದು, ಕಣ್ಣಿನ ಕಾವಲಿಗೆ ಬದಲಿಯೇ ಇಲ್ಲ.

ಹಸಿರಿನ ಕೆಳಗೆ ಬಿಳಿ ದೀಪವೆಂದರೆ ಟ್ರಾಲರ್, ಕೆಂಪಿನ ಕೆಳಗೆ ಬಿಳಿಯೆಂದರೆ ಬೇರೆ ಬಗೆಯ ಬಲೆ ಬಿಟ್ಟವರು. ಅವರಿಗೆ ನಾವೇ ದಾರಿ ಬಿಡಬೇಕು, ಟ್ರಾಲರ್‌ನ ಹಿಂದಿನಿಂದ ಹತ್ತಿರ ಹಾಯಲೇಬಾರದು, ಏಕೆಂದರೆ ಬಲೆ ಇರುವುದು ಅಲ್ಲೇ. ಡೆಕ್ಕಿನ ಪ್ರಖರ ಬೆಳಕಿನಲ್ಲಿ ಈ ಬಣ್ಣದ ದೀಪಗಳು ಮುಚ್ಚಿಹೋಗುವುದೂ ಉಂಟು. ಬೈನಾಕ್ಯುಲರ್ ಕೊರಳಲ್ಲೇ ಇರಲಿ.

ನಡುರಾತ್ರಿ ಗಾಳಿ ಬಿದ್ದು ಎಂಜಿನ್ ಚಾಲೂ ಮಾಡಿದ ಕ್ಷಣದಿಂದ ನಮ್ಮದು ಯಂತ್ರದೋಣಿಯೆಂದೇ ಲೆಕ್ಕ. ಹಾಯಿಯಲ್ಲಿ ಸಾಗುವಾಗ ಹಚ್ಚುವ, ಕಂಬದ ತುದಿಯ ಕೆಂಪು-ಹಸಿರು-ಬಿಳಿ ತ್ರಿವರ್ಣ ದೀಪ ಆರಿಸಿ ಯಂತ್ರದೋಣಿಯ ದೀಪಗಳನ್ನು ಹಚ್ಚಬೇಕು.

ಹೊನ್ನಾವರದ ಅಳಿವೆಯಂಥ ಮರಳುದಿಬ್ಬದ ಬಾಯಿಗಳಿಗೆ ಆಯಾಸವೆಂದು ಕತ್ತಲಲ್ಲಿ ನುಗ್ಗುವುದು ತರವಲ್ಲ, ಹೊರಗೇ ನಿಂತು ಬೆಳಗಿಗೆ ಕಾಯಿರಿ. ಮಂಗಳೂರಿನ ಬಳಿ ಹಡಗುಗಳ ಕಾಲುವೆಯನ್ನು ದಾಟಬೇಕಾದರೆ ಲಂಬಕೋನದಲ್ಲಿ, ತಡಮಾಡದೆ ದಾಟಿ. ತುರ್ತಿದ್ದರೆ ಕೋಸ್ಟ್ ಗಾರ್ಡ್‌ನ ಸಂಖ್ಯೆ 1554.