ರಾಜೀನಾಮೆ ಕೊಡುವಾಗ ತಪ್ಪದೆ ನೋಡಬೇಕಾದ್ದು

ಹೊಸ ಕಂಪನಿಯ ಆಫರ್ ಲೆಟರ್ ಕೈಗೆ ಬರುವವರೆಗೆ ರಾಜೀನಾಮೆಯ ಮಾತೆತ್ತಬೇಡಿ. ಫೋನಿನಲ್ಲಿ ಸಿಕ್ಕ ಭರವಸೆ ಸಾಲದು. ಈಗಿನ ನೇಮಕಾತಿ ಪತ್ರ ತೆಗೆದು ನೋಟಿಸ್ ಅವಧಿ ಎಷ್ಟೆಂದು ನೋಡಿ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ 60 ಅಥವಾ 90 ದಿನ ಸಾಮಾನ್ಯ. ಸೇವೆಗೆ 5 ವರ್ಷ ತುಂಬಲು ಸ್ವಲ್ಪವೇ ಬಾಕಿಯಿದ್ದರೆ ದಯವಿಟ್ಟು ತಡೆಯಿರಿ, ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗೆ ಕಂಪನಿ ಕೊಡುವ ಇಡಿಗಂಟು, ಕೈತಪ್ಪೀತು.

ಮೊದಲು ಮ್ಯಾನೇಜರ್‌ಗೆ ಮುಖತಃ ಹೇಳಿ, ಅದೇ ದಿನ ಇಮೇಲ್ ಕಳಿಸಿ. ಯಾವ ಹುದ್ದೆಗೆ ರಾಜೀನಾಮೆ, ಕೆಲಸದ ಕೊನೆಯ ದಿನ ಯಾವುದು, ಒಂದು ಧನ್ಯವಾದ, ಇಷ್ಟೇ ಸಾಕು. ದೂರುಗಳನ್ನು ಬರೆಯಬೇಡಿ, ಆ ಪತ್ರ ನಿಮ್ಮ ಫೈಲಿನಲ್ಲಿ ಉಳಿಯುತ್ತದೆ. ಸ್ವೀಕರಿಸಿದ್ದೇವೆ ಎಂಬ ಉತ್ತರ ಬರುವ ತನಕ ಬಿಡದೆ ಕೇಳಿ. ನೋಟಿಸ್ ಯಾವತ್ತಿನಿಂದ ಶುರು ಎಂಬ ತಕರಾರು ಹುಟ್ಟುವುದೇ ಇಲ್ಲಿ.

ಬಾಕಿ ಕೆಲಸ, ಅದನ್ನು ಯಾರಿಗೆ ಒಪ್ಪಿಸಿದಿರಿ ಎಂಬುದನ್ನು ಬರೆದಿಡಿ.

ಆಫೀಸ್ ಇಮೇಲ್ ಬಂದ್ ಆಗುವ ಮುನ್ನ ಪೇಸ್ಲಿಪ್‌ಗಳನ್ನು, ಸಂಬಳದ ತೆರಿಗೆ ಕಡಿತದ ಪ್ರಮಾಣಪತ್ರವನ್ನು (ಫಾರ್ಮ್ 16) ಇಳಿಸಿಕೊಳ್ಳಿ. ಲ್ಯಾಪ್‌ಟಾಪ್ ಮರಳಿಸಿದ್ದಕ್ಕೆ ರಸೀದಿ ಪಡೆಯಿರಿ. ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎಂಬ ರಿಲೀವಿಂಗ್ ಲೆಟರ್ ಇಲ್ಲದೆ ಹೊಸ ಕಡೆ ಸೇರುವುದೇ ಕಷ್ಟ. ಪಿಎಫ್ (ಭವಿಷ್ಯ ನಿಧಿ) ಹಣ ತೆಗೆಯದೆ, ಅದೇ ಯುಎಎನ್‌ನಲ್ಲಿ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಹೊಸ ಖಾತೆಗೆ ವರ್ಗಾಯಿಸಿ. ಒಟ್ಟು 5 ವರ್ಷದ ಸೇವೆಗೆ ಮೊದಲೇ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಕಂಪನಿ ನಿಮ್ಮ ನಿರ್ಗಮನ ದಿನಾಂಕ ನಮೂದಿಸದಿದ್ದರೆ, ಕೊನೆಯ ಪಿಎಫ್ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ನೀವೇ ನಮೂದಿಸಬಹುದು.