ಬಾಣದ ಮೊನೆಗೆ ಎಷ್ಟು ತೂಕ?

ಸಾಂಪ್ರದಾಯಿಕ ಬಿಲ್ಲಿಗೆ ಬಾಣ ಸಿದ್ಧಪಡಿಸುವವರಲ್ಲಿ ಅನೇಕರು ಬಿಲ್ಲಿನ ಬಿಗಿಯಿಂದ ಹಿಡಿದು ಗರಿಯ ಬಣ್ಣದವರೆಗೆ ಎಲ್ಲವನ್ನೂ ಅಳೆದು ತೂಗಿ ಆರಿಸುತ್ತಾರೆ; ಮೊನೆಯ ವಿಷಯಕ್ಕೆ ಬಂದಾಗ ಮಾತ್ರ ಸಿಕ್ಕಿದ್ದನ್ನು ಹಾಕಿಬಿಡುತ್ತಾರೆ. ಹೆದೆ ಹಿಂದಿನಿಂದ ನೂಕಿದಾಗ ಬಾಣ ನೆಟ್ಟಗೆ ಹೋಗದೆ, ಬಿಲ್ಲಿನ ಹಿಡಿಯನ್ನು ಸುತ್ತುಬಳಸಿ ಬಾಗಿ ಬಳುಕಿ ಸಾಗುತ್ತದೆ. ಮೊನೆ ಭಾರವಾದಷ್ಟೂ ಶಾಫ್ಟು, ಅಂದರೆ ಬಾಣದ ಕಡ್ಡಿ, ಹೆಚ್ಚು ಬಾಗುತ್ತದೆ, ಹಗುರವಾದಷ್ಟೂ ಗಡುಸಾಗಿ ವರ್ತಿಸುತ್ತದೆ. ಆದ್ದರಿಂದ ಮೊನೆಯ ತೂಕವನ್ನು ಮೊದಲು ಈ ಬಾಗಿಗೆ ಹೊಂದಿಸಬೇಕು. ಉಳಿದ ಲೆಕ್ಕಗಳೆಲ್ಲ ಅನಂತರದವು.

ವಿದೇಶದ ಬೇಟೆಗಾರರು 175, 200 ಗ್ರೇನ್ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಅಥವಾ ಅದಕ್ಕೂ ಭಾರವಾದ ಮೊನೆ ಬಳಸುವುದು ಬಾಣ ಪ್ರಾಣಿಯ ದೇಹದಲ್ಲಿ ಆಳಕ್ಕೆ ಇಳಿಯಲೆಂದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಮಂಡ್ಯದ ಗದ್ದೆ ಬದಿಯಲ್ಲಿ ಹುಲ್ಲಿನ ಪೆಂಡಿ ನಿಲ್ಲಿಸಿಕೊಂಡು ಗುರಿ ಅಭ್ಯಾಸ ಮಾಡುವವರಿಗೆ ಆ ಭಾರದ ಹಂಗಿಲ್ಲ. 100ರಿಂದ 150 ಗ್ರೇನ್ ಒಳಗಿನ ಮೊನೆಗಳಿಂದ ಆರಂಭಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯ.

125 ಗ್ರೇನ್ ಮೊನೆ 8.1 ಗ್ರಾಂ ತೂಗುತ್ತದೆ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು. ಚಿನ್ನ ತೂಗುವಂಥ ಸೂಕ್ಷ್ಮ ತಕ್ಕಡಿಯೇ ಬೇಕು. ಮೈಸೂರಿನಲ್ಲಿರುವವರಿಗೆ ಅಶೋಕ ರಸ್ತೆಯ ಅಕ್ಕಸಾಲಿಗರ ಪರಿಚಯವಿದ್ದರೆ ಈ ಕೆಲಸ ಸುಲಭ. ಬಿಲ್ಲಿನ ಬಿಗಿಯ, ಅಂದರೆ ಹೆದೆ ಎಳೆಯಲು ಬೇಕಾಗುವ ಬಲದ, ಪ್ರತಿ ಪೌಂಡಿಗೆ ಬಾಣದ ಒಟ್ಟು ತೂಕ 8ರಿಂದ 10 ಗ್ರೇನ್ ಇರಲಿ. ಉದಾಹರಣೆಗೆ, ನೀವು ಎಳೆಯುವಷ್ಟು ಉದ್ದಕ್ಕೆ 40 ಪೌಂಡ್ ಬಿಗಿ ಕೊಡುವ ಬಿಲ್ಲು, ಇಂಚಿಗೆ 8 ಗ್ರೇನ್ ತೂಗುವ 29 ಇಂಚಿನ ಕಾರ್ಬನ್ ಶಾಫ್ಟು ಎಂದುಕೊಳ್ಳಿ. ಶಾಫ್ಟಿನದು 232 ಗ್ರೇನ್, ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ), ಗರಿ, ಇನ್ಸರ್ಟ್ (ಮೊನೆ ಕೂರಿಸಲು ಶಾಫ್ಟಿನೊಳಗೆ ಹಾಕುವ ತುಂಡು) ಸೇರಿ ಸುಮಾರು 40, ಮೊನೆ 125, ಒಟ್ಟು 397. ಇದು ಒಳ್ಳೆಯ ಹೊಂದಾಣಿಕೆ. ಬಾಣ ತೀರ ಹಗುರವಾದರೆ ಬಿಲ್ಲಿನ ಶಕ್ತಿಯೆಲ್ಲ ಬಾಣಕ್ಕೆ ಹೋಗದೆ ಬಿಲ್ಲಿನ ತೋಳುಗಳಿಗೇ ಪೆಟ್ಟು ಬೀಳುತ್ತದೆ.

ಲೆಕ್ಕ ಸರಿಹೋದ ಮಾತ್ರಕ್ಕೆ ಬಾಣ ಸರಿಯಾಗಿ ಹಾರುತ್ತದೆಂದಿಲ್ಲ. ಅದಕ್ಕಾಗಿ ಗರಿಯಿಲ್ಲದ ಬಾಣದ ಪರೀಕ್ಷೆ ಬೇಕು. ಆಷಾಢದ ಗಾಳಿಯಲ್ಲಿ ಇದನ್ನು ಮಾಡಹೋಗಬೇಡಿ. ಗಾಳಿ ಏಳುವ ಮೊದಲು, ಬೆಳಗ್ಗೆ, ಹತ್ತು ಹದಿನೈದು ಮೀಟರ್ ದೂರದಿಂದ ಗರಿಯಿರುವ ಮೂರು ಬಾಣಗಳನ್ನೂ ಗರಿಯಿಲ್ಲದ ಎರಡನ್ನೂ ಒಂದೇ ಗುರಿಗೆ ಬಿಡಿ. ಬಲಗೈಯಿಂದ ಎಳೆಯುವವರಿಗೆ ಗರಿಯಿಲ್ಲದವು ಎಡಕ್ಕೆ ಬಿದ್ದರೆ ಶಾಫ್ಟು ಗಡುಸಾಯಿತೆಂದು ತಿಳಿದು ಮೊನೆಯನ್ನು 25 ಗ್ರೇನ್ ಹೆಚ್ಚಿಸಿ. ಬಲಕ್ಕೆ ಬಿದ್ದರೆ ಮೆತುವಾಯಿತೆಂದು ಅಷ್ಟೇ ಇಳಿಸಿ. ಎಡಗೈಯವರಿಗೆ ಇದು ತಿರುಗುಮುರುಗು. ಹುಲ್ಲಿನಲ್ಲಿ ನಾಟಿದ ಬಾಣದ ಬಾಲ ಯಾವ ಕಡೆ ವಾಲಿದೆ ಎಂಬುದನ್ನು ನಂಬಬೇಡಿ, ಏಕೆಂದರೆ ಪೆಂಡಿಯ ಎಳೆಗಳು ಶಾಫ್ಟನ್ನು ತಮಗೆ ಬೇಕಾದತ್ತ ಎಳೆದುಕೊಂಡಿರುತ್ತವೆ. ಮೊನೆ ಹೊಕ್ಕ ಜಾಗವನ್ನಷ್ಟೇ ನೋಡಿ. ಮೇಲೆ ಕೆಳಗೆ ಬೀಳುವ ಬಾಣಕ್ಕೆ ಮೊನೆ ಬದಲಿಸಬೇಡಿ, ಹೆದೆಯ ಮೇಲೆ ನಾಕ್ ಕೂರುವ ಜಾಗವನ್ನು ಮೊದಲು ಸರಿಪಡಿಸಿ. ಶಾಫ್ಟನ್ನು ಆರಂಭದಲ್ಲಿ ಒಂದು ಇಂಚು ಉದ್ದವಾಗಿಯೇ ಉಳಿಸಿಕೊಳ್ಳಿ. ಕತ್ತರಿಸಿದರೆ ಗಡುಸು ಹೆಚ್ಚುತ್ತದೆ, ಕತ್ತರಿಸಿದ್ದನ್ನು ಮತ್ತೆ ಸೇರಿಸಲಾಗದು.

ಅನಂತರ, ಬಾಣದ ಭಾರ ಎಷ್ಟು ಮುಂದಕ್ಕಿದೆ ಎಂದು ತಿಳಿಯಲು, ಚಾಕುವಿನ ಬೆನ್ನಿನ ಮೇಲೆ ಬಾಣವನ್ನು ತೂಗಿಸಿ, ಅದು ಸಮತೋಲನಕ್ಕೆ ಬರುವ ಜಾಗವನ್ನು ನಾಕ್‌ನ ಕಚ್ಚಿನಿಂದ ಅಳೆಯಿರಿ. 29 ಇಂಚಿನ ಬಾಣದ ನಡುವು 14.5, ತೂಗುವ ಜಾಗ 18.5 ಆದರೆ ವ್ಯತ್ಯಾಸ 4 ಇಂಚು, ಅಂದರೆ ಉದ್ದದ ಶೇಕಡ 14ರಷ್ಟು. ಶೇಕಡ 10ರಿಂದ 15ರ ನಡುವೆ ಇದ್ದರೆ ಗುರಿ ಅಭ್ಯಾಸಕ್ಕೆ ತೊಂದರೆಯಿಲ್ಲ. ಮೊನೆಯನ್ನೇ ಕಣ್ಣಳತೆಗೆ ಇಟ್ಟುಕೊಂಡು ಗುರಿ ಹಿಡಿಯುವವರು ಮಾತ್ರ ಗಮನಿಸಬೇಕು: ಬಾಣ ಭಾರವಾದಂತೆ ಬೇಗ ಕೆಳಗಿಳಿಯುವುದರಿಂದ, ಮೊನೆ ಗುರಿಯ ಮೇಲೆಯೇ ಕೂರುವ ದೂರವೂ ಕಡಿಮೆಯಾಗುತ್ತದೆ.

ಬಿದಿರಿನ ಅಥವಾ ಮರದ ಬಾಣಗಳಲ್ಲಿ ಒಂದರಂತೆ ಒಂದು ತೂಗುವುದಿಲ್ಲ. ಅವುಗಳನ್ನು ಒಂದೊಂದಾಗಿ ತೂಗಿ, ಹತ್ತಿರದ ತೂಕದವನ್ನು ಒಂದು ಕಟ್ಟಾಗಿ ಬೇರ್ಪಡಿಸಿ, ಒಂದೇ ತೂಕದ ಮೊನೆಗಳನ್ನು ಬಿಸಿಗೆ ಕರಗುವ ಅಂಟಿನಿಂದ ಕೂರಿಸಿ. ಮುಂದೆ ಬದಲಿಸಬೇಕೆನಿಸಿದರೆ ಲೋಹವನ್ನು ಮಾತ್ರ ಬೆಂಕಿಗೆ ಹಿಡಿದು ಇಕ್ಕಳದಿಂದ ತಿರುಗಿಸಿ ಬಿಚ್ಚಿಕೊಳ್ಳಬಹುದು.