ಶಬ್ದ ಕಿವಿಗೆ, ಉತ್ತರ ಕತ್ತಿನಿಂದ: ವೆಂಪ್ ಪರೀಕ್ಷೆ ಮಾಡುವ ಬಗೆ

ತಲೆಸುತ್ತಿಗೆ ಕಾರಣ ಹುಡುಕಲು ವೆಂಪ್ (ವೆಸ್ಟಿಬ್ಯುಲರ್ ಇವೋಕ್ಡ್ ಮಯೋಜೆನಿಕ್ ಪೊಟೆನ್ಶಿಯಲ್) ಪರೀಕ್ಷೆಯಲ್ಲಿ ಕಿವಿಗೆ ಜೋರು ಶಬ್ದ ಕೊಟ್ಟು ಕತ್ತಿನ ಸ್ನಾಯುವನ್ನು ಅಳೆಯುತ್ತಾರೆ ಎಂದರೆ ವಿಚಿತ್ರ ಅನ್ನಿಸಬಹುದು. ಒಳಕಿವಿಯ ಸ್ಯಾಕ್ಯೂಲ್ ಎಂಬ ಪುಟ್ಟ ಚೀಲದ ಕೆಲಸ ಗುರುತ್ವವನ್ನೂ ನೇರ ಚಲನೆಯನ್ನೂ ಗ್ರಹಿಸುವುದು. ಆದರೂ ಜೋರು ಶಬ್ದಕ್ಕೆ ಅದು ಮಿಡಿಯುತ್ತದೆ. ಆ ಸಂಕೇತ ಸಮತೋಲನದ ಸುದ್ದಿ ಒಯ್ಯುವ ಕೆಳ ವೆಸ್ಟಿಬ್ಯುಲರ್ ನರದ ಮೂಲಕ ಮಿದುಳುಕಾಂಡ ಸೇರಿ, ಅದೇ ಬದಿಯ ಕತ್ತಿನ ಸ್ನಾಯುವಿನ ಬಿಗಿಯನ್ನು ಕ್ಷಣಮಾತ್ರ ಸಡಿಲಿಸುತ್ತದೆ. ಅಳೆಯುವುದು ಈ ಸಡಿಲಿಕೆಯನ್ನೇ; ತೆರೆಯ ಮೇಲೆ ಅದು ಅಲೆಯಾಗಿ ಕಾಣುತ್ತದೆ. ಬಿಗಿಯೇ ಇಲ್ಲದ ಕತ್ತಿನಲ್ಲಿ ಸಡಿಲವಾಗುವುದಕ್ಕೆ ಏನಿರುತ್ತದೆ?

ಮೊದಲು ಕಿವಿಯೊಳಗೆ ಇಣುಕಿ ಗುಗ್ಗೆ ತೆಗೆಸಿ, ಟಿಂಪನೋಮೆಟ್ರಿ (ಕಿವಿದೆರೆ, ನಡುಗಿವಿಗಳ ಪರೀಕ್ಷೆ) ಮಾಡಿ. ನಡುಗಿವಿಯಲ್ಲಿ ತೊಡಕಿದ್ದರೆ ಶಬ್ದ ಸೋರಿಹೋಗಿ, ಸ್ಯಾಕ್ಯೂಲ್ ಚೆನ್ನಾಗಿದ್ದರೂ ಅಲೆ ಕಾಣದು. ಅಂಥವರಿಗೆ ಮೂಳೆಯ ಮೂಲಕ ಕಂಪನ ಕೊಡಬೇಕು. ಆದರೆ ಒಳಕಿವಿಯ ದೋಷದಿಂದ ಕಿವುಡಾದವರಲ್ಲೂ ಅಲೆ ಸೊಗಸಾಗಿ ಬರಬಹುದು; ಇದು ಕೇಳುವ ಶಕ್ತಿಯ ಪರೀಕ್ಷೆಯೇ ಅಲ್ಲ.

ಚರ್ಮ ಒರೆಸಿ ಮೂರು ಎಲೆಕ್ಟ್ರೋಡ್ ಅಂಟಿಸಿ: ಕಿವಿಯ ಹಿಂದಿನಿಂದ ಎದೆಮೂಳೆಗೆ ಓರೆಯಾಗಿ ಇಳಿಯುವ ಸ್ನಾಯುವಿನ ನಡುಭಾಗದ ಮೇಲೊಂದು, ಎದೆಮೂಳೆಯ ತುದಿಯಲ್ಲೊಂದು, ಹಣೆಯ ಮೇಲೆ ಗ್ರೌಂಡ್. ಪ್ರತಿರೋಧ 5 ಕಿಲೋಓಮ್ ಒಳಗಿರಲಿ. ಬಲಗಿವಿಯ ಪರೀಕ್ಷೆಗೆ ಅರೆಮಲಗಿದವರು ತಲೆಯನ್ನು ದಿಂಬಿನಿಂದ ಎತ್ತಿ ಎಡಕ್ಕೆ ತಿರುಗಿಸಬೇಕು. ಆಗ ಬಲಗತ್ತು ಬಿಗಿಯುತ್ತದೆ.

ಇಯರ್‌ಫೋನ್‌ನಲ್ಲಿ 500 ಹರ್ಟ್ಸ್‌ನ ಚುಟುಕು ಸ್ವರ, ಸುಮಾರು 95 ಡೆಸಿಬೆಲ್ ಎನ್‌ಎಚ್‌ಎಲ್ (ಸಾಮಾನ್ಯ ಕಿವಿಗೆ ಕೇಳಿಸುವ ಕನಿಷ್ಠ ಮಟ್ಟದಿಂದ ಎಣಿಸುವ ಅಳತೆ), ಸೆಕೆಂಡಿಗೆ 5 ಸಲ. 100ರಿಂದ 200 ಸ್ವರಗಳ ಸರಾಸರಿ ಸಾಕು. 20ರಿಂದ 40 ಸೆಕೆಂಡಿನಲ್ಲಿ ಮುಗಿಯುತ್ತದೆ. ಎರಡನೆಯ ಸಲ ದಾಖಲಿಸುವ ಮುನ್ನ ತಲೆ ಇಳಿಸಿ ವಿಶ್ರಾಂತಿ ಕೊಡಿ. ದಣಿದ ಕತ್ತು ಸುಳ್ಳು ಹೇಳುತ್ತದೆ. ಶಬ್ದ ಸಹಿಸದವರಿಗೆ, ಕಿವಿಮೊರೆತ ಇರುವವರಿಗೆ, ಕತ್ತಿನ ಮೂಳೆಯ ತೊಂದರೆಯವರಿಗೆ ಈ ಪರೀಕ್ಷೆ ಬೇಕೇ ಎಂದು ಮೊದಲೇ ಯೋಚಿಸಬೇಕು. ಸಿಕ್ಕಷ್ಟು ಸಲ ಶಬ್ದ ಕೊಡುವುದು ಯಾರಿಗೂ ಒಳ್ಳೆಯದಲ್ಲ.

ತೆರೆಯ ಮೇಲೆ ಸುಮಾರು 13 ಮಿಲಿಸೆಕೆಂಡಿಗೆ ಒಂದು ಶಿಖರ, 23ಕ್ಕೆ ಒಂದು ಕಣಿವೆ ಕಾಣಬೇಕು. ಎರಡರ ನಡುವಿನ ಎತ್ತರವೇ ಅಲೆಯ ಗಾತ್ರ. ಎರಡೂ ಬದಿಯ ಗಾತ್ರಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿ. ಉತ್ತರ ಶೇ 35–40 ದಾಟಿದರೆ ಚಿಕ್ಕ ಅಲೆಯ ಬದಿಯನ್ನು ಅನುಮಾನಿಸುವುದು ರೂಢಿ.

ಎಡವುವುದು ಇಲ್ಲೇ. ಬಲಕ್ಕೆ 180 ಮೈಕ್ರೊವೋಲ್ಟ್, ಎಡಕ್ಕೆ 80 ಬಂತೆನ್ನಿ: ಅಸಮತೆ ಶೇ 38. ಎಡಗಿವಿಯ ಮೇಲೆ ಗುಮಾನಿ ಹುಟ್ಟಿತು. ಆದರೆ ಬಲಗತ್ತಿನ ಬಿಗಿ (ಎಲೆಕ್ಟ್ರೋಡ್ ತೋರುವ ಸ್ನಾಯುವಿನ ವಿದ್ಯುತ್ ಮಟ್ಟ) 150 ಮೈಕ್ರೊವೋಲ್ಟ್ ಇದ್ದು, ಎಡಗತ್ತಿನದು 70 ಮಾತ್ರ ಇದ್ದರೆ? ಗಾತ್ರವನ್ನು ಬಿಗಿಯಿಂದ ಭಾಗಿಸಿದಾಗ 1.2 ಮತ್ತು 1.14 ಸಿಗುತ್ತದೆ, ಅಸಮತೆ ಶೇ 3ರೊಳಗೆ ಇಳಿಯುತ್ತದೆ. ಕಿವಿ ಸರಿಯಿತ್ತು, ತಲೆ ಎತ್ತಿದ್ದು ಸಾಲಲಿಲ್ಲ. ಅದಕ್ಕೇ ಬಿಗಿಯ ಮಟ್ಟ ಪರೀಕ್ಷೆ ಮುಗಿಯುವವರೆಗೂ ತೆರೆಯ ಮೇಲಿರಲಿ. 50ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ, ಮತ್ತೆ ಎತ್ತಿಸಿ.

ಅಲೆ ದೊಡ್ಡದಾದಷ್ಟೂ ಒಳ್ಳೆಯದೆಂದೂ ಅಲ್ಲ. ಶಬ್ದವನ್ನು 70 ಡೆಸಿಬೆಲ್‌ಗೆ ಇಳಿಸಿದರೂ ಅಲೆ ಉಳಿದರೆ ಒಳಕಿವಿಯ ಮೇಲಿನ ಅರ್ಧವೃತ್ತ ನಾಳದ ಮೂಳೆಯಲ್ಲಿ ಬಿರುಕಿರಬಹುದು. ಸಿಟಿ ಸ್ಕ್ಯಾನ್ ಮಾಡಿಸಬೇಕು. ಅರವತ್ತು ದಾಟಿದವರಲ್ಲಿ ಎರಡೂ ಬದಿ ಅಲೆ ಕಾಣದಿದ್ದರೆ, ಅದೊಂದರಿಂದಲೇ ರೋಗವೆಂದು ಬರೆಯಬೇಡಿ. ವಯಸ್ಸಿನೊಂದಿಗೆ ಅಲೆ ಕುಗ್ಗುವುದು ಸಹಜ.